ಬಿಸಿನೆಸ್ ಗಾಡಿ ಮಾರೋಕೆ ಮುಂಚೆ ಕೊಂಡಾಗಿನ ಬಿಲ್ ಹುಡುಕಿ ಇಟ್ಕೊಳ್ಳಿ

ಗಾಡಿ ಮಾರಿ, ದುಡ್ಡು ಬ್ಯಾಂಕಿಗೆ ಬಂದು, ಆರು ತಿಂಗಳಾದ್ಮೇಲೆ ‘ಸರ್, ಇದಕ್ಕೂ ಜಿಎಸ್‌ಟಿ ಕಟ್ಬೇಕಾ?’ ಅಂತ ಕೇಳೋರೇ ನಮ್ಮ ದಾವಣಗೆರೆಲಿ ಜಾಸ್ತಿ. ರೈಸ್ ಮಿಲ್ಲು, ಮೆಕ್ಕೆಜೋಳದ ವ್ಯಾಪಾರ, ಮಂಡಕ್ಕಿ ಭಟ್ಟಿ, ಎಪಿಎಂಸಿ ಅಂಗಡಿ, ಯಾವುದೇ ಇರ್ಲಿ, ಒಂದು ಲಾರಿನೋ ಪಿಕಪ್ಪೋ ಕಾರೋ ಇದ್ದೇ ಇರುತ್ತೆ. ಅಕ್ಕಿ ಮಾರಿದ್ರೆ ಬಿಲ್ ಹಾಕ್ಬೇಕು ಅಂತ ಎಲ್ರಿಗೂ ಗೊತ್ತು, ಆದ್ರೆ ಗಾಡಿ ವಿಷ್ಯ ಬಂದ್ರೆ ಆರ್‌ಟಿಓ ಫಾರಂ 29, 30ಕ್ಕೆ ಸೈನ್ ಹಾಕಿದ್ರೆ ಮುಗೀತು ಅನ್ಕೊಂಡಿರ್ತಾರೆ. ಮುಗಿಯಲ್ಲ. ಜಿಎಸ್‌ಟಿ ನಂಬರ್ ಇರೋ ವ್ಯಾಪಾರಿ ಬಿಸಿನೆಸ್ಸಿನ ಗಾಡಿ ಮಾರಿದ್ರೆ ಅದೂ ಮಾರಾಟಾನೇ, ಅದಕ್ಕೂ ಬಿಲ್ ಹಾಕ್ಬೇಕು, ರಿಟರ್ನಲ್ಲಿ ತೋರಿಸ್ಬೇಕು. ಆರ್‌ಟಿಓಗೆ ಕಟ್ಟಿದ ಲೈಫ್ ಟ್ಯಾಕ್ಸಿಗೂ ಇದಕ್ಕೂ ಸಂಬಂಧ ಇಲ್ಲ.

ನಾನು ಎಲ್ರಿಗೂ ಹೇಳೋದು ಒಂದೇ ಮಾತು, ಮಾರೋ ದಿನ ಎಷ್ಟು ಟ್ಯಾಕ್ಸ್ ಅನ್ನೋದು ಕೊಂಡಾಗ ನಿಮ್ಮ ಲೆಕ್ಕದಲ್ಲಿ ಏನು ಬರ್ದಿದ್ದೀರಿ ಅನ್ನೋದರ ಮೇಲೆ ನಿಂತಿದೆ. ಆವಾಗ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ಜಿಎಸ್‌ಟಿನ ನೀವು ಕಟ್ಬೇಕಾದ ಜಿಎಸ್‌ಟಿಲಿ ಕಳ್ಕೊಳ್ಳೋದು) ತಗೊಂಡಿದ್ರಾ ಇಲ್ವಾ, ಮೊದ್ಲು ಅದನ್ನ ನೋಡಿ.

ಕಾರಿನ ವಿಷ್ಯ ತಗೊಳ್ಳಿ. ಡ್ರೈವರ್ ಸೇರಿ 13 ಸೀಟ್ ತನಕ ಇರೋ, ಜನ ಓಡಾಡೋ ಗಾಡಿಗೆ ಇನ್‌ಪುಟ್ ಸಿಗಲ್ಲ, ಗಾಡಿ ಮಾರೋ ಡೀಲರು, ಪ್ರಯಾಣಿಕರನ್ನ ಬಾಡಿಗೆಗೆ ಸಾಗಿಸೋರು, ಡ್ರೈವಿಂಗ್ ಸ್ಕೂಲ್ ನಡೆಸೋರು ಇವರಿಗೆ ಬಿಟ್ರೆ. ಅಡಿಕೆ ವ್ಯಾಪಾರಕ್ಕೆ ಹೊನ್ನಾಳಿ, ಚನ್ನಗಿರಿ ಅಂತ ದಿನಾ ಓಡಾಡ್ತೀನಿ ಸರ್, ಪೂರ್ತಿ ಬಿಸಿನೆಸ್ಸಿಗೇ ಅಂದ್ರೂ ಸಿಗಲ್ಲ. ಅದಕ್ಕೆ ಕಾರಿಗೆ ಕಟ್ಟಿದ ಜಿಎಸ್‌ಟಿನೂ ಸೇರಿಸಿ ಪೂರ್ತಿ ಬೆಲೆ ಅಸೆಟ್ ಅಂತ ತೋರಿಸಿ ಡಿಪ್ರಿಸಿಯೇಷನ್ (ಗಾಡಿ ಹಳೇದಾದಂಗೆ ವರ್ಷಾ ವರ್ಷ ಬೆಲೆ ಕಳೆಯೋದು) ತಗೊಳ್ತೀವಿ. ಹೀಗೆ ಇನ್‌ಪುಟ್ ತಗೊಳ್ದೇ ಇರೋ ಗಾಡಿ ಮಾರುವಾಗ ಪೂರ್ತಿ ಬೆಲೆಗೆ ಟ್ಯಾಕ್ಸ್ ಇಲ್ಲ, ಬರೀ ಮಾರ್ಜಿನ್ ಮೇಲೆ. ಮಾರ್ಜಿನ್ ಅಂದ್ರೆ ಮಾರಿದ ಬೆಲೇಲಿ ಡಿಪ್ರಿಸಿಯೇಷನ್ ಕಳೆದು ಆವತ್ತಿಗೆ ಉಳಿದಿರೋ ಬೆಲೆ ತೆಗೆದ್ರೆ ಬರೋ ಹೆಚ್ಚಿನ ಮೊತ್ತ. 2018ರ ಜನವರಿಲಿ ಬಂದ ನೋಟಿಫಿಕೇಷನ್ ಇದು. ಮೊದ್ಲು ದೊಡ್ಡ ಕಾರಿಗೆ 18, ಉಳಿದವಕ್ಕೆ 12 ಪರ್ಸೆಂಟ್ ಇತ್ತು, 2025ರ ಜನವರಿಯಿಂದ ಎಲ್ಲದಕ್ಕೂ 18 ಆಗಿದೆ. ಆ ಟೈಮಲ್ಲಿ ವಾಟ್ಸಾಪಲ್ಲಿ ‘ಹಳೇ ಕಾರ್ ಮಾರಿದ್ರೆ 18 ಪರ್ಸೆಂಟ್’ ಅಂತ ಓಡಾಡಿದ್ದು ನೋಡಿ ಸಂಬಳದ ಮೇಲೆ ಬದುಕೋ ಜನಾನೂ ಗಾಬರಿ ಬಿದ್ರು, ಅವರು ತಮ್ಮ ಸ್ವಂತ ಕಾರ್ ಮಾರಿದ್ರೆ ಜಿಎಸ್‌ಟಿನೇ ಇಲ್ಲ.

ಲೆಕ್ಕ ಹೀಗೆ. 12 ಲಕ್ಷಕ್ಕೆ ಕೊಂಡ ಕಾರು, ವರ್ಷಕ್ಕೆ 15 ಪರ್ಸೆಂಟ್ ಹಾಗೆ ನಾಲ್ಕು ವರ್ಷ ಕಳೆದ್ರೆ ಉಳಿಯೋದು ಸುಮಾರು 6,26,400 ರೂಪಾಯಿ. 7 ಲಕ್ಷಕ್ಕೆ ಮಾರಿದ್ರೆ ಮಾರ್ಜಿನ್ 73,600, ಅದಕ್ಕೆ 18 ಪರ್ಸೆಂಟ್ ಅಂದ್ರೆ 13,250ರ ಹತ್ರ. ಗೊತ್ತಿಲ್ದೇ ಪೂರ್ತಿ 7 ಲಕ್ಷಕ್ಕೆ ಹಾಕಿದ್ರೆ 1,26,000! 6 ಲಕ್ಷಕ್ಕೆ ಮಾರಿದ್ರೆ ಮಾರ್ಜಿನ್ನೇ ಇಲ್ಲ, ಟ್ಯಾಕ್ಸೂ ಇಲ್ಲ, ಆದ್ರೂ ಬಿಲ್ಲು, ಲೆಕ್ಕದ ಶೀಟು ಎರಡನ್ನೂ ಇಟ್ಕೊಂಡಿರ್ಬೇಕು.

ಇಲ್ಲಿ ಒಂದು ತೊಡಕಿದೆ. ಇನ್‌ಕಮ್ ಟ್ಯಾಕ್ಸಲ್ಲಿ ಒಂದೇ ರೇಟಿನ ಗಾಡಿ, ಮಷಿನ್ನು ಎಲ್ಲಾ ಒಂದು ಬ್ಲಾಕ್ ಅಂತ ಸೇರಿಹೋಗಿರುತ್ತೆ, ಅದರಲ್ಲಿ ಈ ಕಾರಿಂದು ಎಷ್ಟು ಉಳಿದಿದೆ ಅಂತ ಕಾಣ್ಸಲ್ಲ. ಮಾರುವಾಗ ಹುಡುಕೋಕೆ ಹೋದ್ರೆ ಐದು ವರ್ಷದ ಹಳೇ ಫೈಲ್ ಎಲ್ಲಾ ಬಿಚ್ಚಬೇಕು, ಮಧ್ಯ ಅಕೌಂಟೆಂಟ್ ಬೇರೆ ಬದಲಾಗಿರ್ತಾರೆ. ಒಂದೊಂದು ಗಾಡಿಗೂ ಬೇರೆ ಶೀಟ್ ಮಾಡಿ ಕೊಂಡ ತಾರೀಖು, ಬಿಲ್ ಬೆಲೆ, ವರ್ಷಾ ವರ್ಷ ಕಳೆದಿದ್ದು ಬರ್ಕೊಂಡು ಹೋಗಿ, ಮೊದಲ ವರ್ಷ 180 ದಿನಕ್ಕಿಂತ ಕಮ್ಮಿ ಓಡಿದ್ರೆ ಅರ್ಧ ರೇಟೇ ಅನ್ನೋದೂ ನೆನಪಿರ್ಲಿ.

ಇನ್ನೊಂದು ಕಡೆ ಜನ ಸಿಕ್ಕಿಹಾಕ್ಕೊಳ್ಳೋದು, ಜಿಎಸ್‌ಟಿ ಪೋರ್ಟಲ್‌ನ 2ಬಿ ಸ್ಟೇಟ್ಮೆಂಟಲ್ಲಿ (ನಿಮಗೆ ಮಾರಿದೋರು ಹಾಕಿದ ಬಿಲ್ಲುಗಳ ಪಟ್ಟಿ) ಕಾರಿನ ಬಿಲ್ ಕಾಣ್ಸ್ತು ಅಂತ ಲೆಕ್ಕ ಬರೆಯೋ ಹುಡುಗರು ಇನ್‌ಪುಟ್ ತಗೊಂಡುಬಿಡ್ತಾರೆ. ಅಲ್ಲಿ ಕಾಣ್ಸಿದ್ದೆಲ್ಲಾ ನಿಮ್ಮದಲ್ಲ. ತಗೊಂಡು ಬಳಸಿದ್ರೆ ಬಡ್ಡಿ ಸಮೇತ ವಾಪಸ್ ಕಟ್ಬೇಕು, ಮಾರುವಾಗ ಮಾರ್ಜಿನ್ ಸೌಲಭ್ಯಕ್ಕೂ ತೊಂದ್ರೆ, ಯಾಕಂದ್ರೆ ಇನ್‌ಪುಟ್ ತಗೊಂಡಿರ್ಬಾರ್ದು ಅನ್ನೋದೇ ಅದರ ಷರತ್ತು.

ಲಾರಿ, ಪಿಕಪ್ಪು ಹಾಗಲ್ಲ. ಸರಕು ಸಾಗಿಸೋ ಗಾಡಿಗೆ ಇನ್‌ಪುಟ್ ಸಿಗುತ್ತೆ, ಮಿಲ್ಲಿನೋರು ಸಾಮಾನ್ಯವಾಗಿ ತಗೊಂಡೇ ಇರ್ತಾರೆ. ತಗೊಂಡ್ರೆ ಆ ಟ್ಯಾಕ್ಸ್ ಮೊತ್ತದ ಮೇಲೆ ಡಿಪ್ರಿಸಿಯೇಷನ್ ತಗೊಳ್ಳೋ ಹಾಗಿಲ್ಲ. ಮಾರುವಾಗ ಎರಡು ಲೆಕ್ಕ ಮಾಡಿ, ಒಂದು ತಗೊಂಡ ಇನ್‌ಪುಟ್ಟಲ್ಲಿ ಇನ್ನೂ ಉಳಿದಿರೋದು, ಇನ್ನೊಂದು ಮಾರಿದ ಬೆಲೆ ಮೇಲಿನ ಟ್ಯಾಕ್ಸ್, ಯಾವುದು ಹೆಚ್ಚೋ ಅದನ್ನ ಕಟ್ಬೇಕು. 20 ಲಕ್ಷದ ಲಾರಿಗೆ ಆವಾಗಿನ 28 ಪರ್ಸೆಂಟಲ್ಲಿ 5.6 ಲಕ್ಷ ಇನ್‌ಪುಟ್ ತಗೊಂಡ್ರಿ ಅನ್ನಿ. ಮೂರು ತಿಂಗಳಿಗೆ 5 ಪರ್ಸೆಂಟ್ ಹಾಗೆ ಕಳೀತಾ ಹೋದ್ರೆ ಮೂರು ವರ್ಷಕ್ಕೆ 60 ಪರ್ಸೆಂಟ್ ಹೋಗಿ 2.24 ಲಕ್ಷ ಉಳಿಯುತ್ತೆ. ಲಾರಿ 11 ಲಕ್ಷಕ್ಕೆ ಹೋದ್ರೆ ಅದಕ್ಕೆ ಈಗಿನ 18 ಪರ್ಸೆಂಟ್ 1.98 ಲಕ್ಷ. ಹೆಚ್ಚಿರೋದು ಮೊದಲನೇದು, ಕಟ್ಟೋದು 2.24 ಲಕ್ಷ. ಅದೇ ಐದು ವರ್ಷ ತುಂಬಿದ್ಮೇಲೆ ಮಾರಿದ್ರೆ ಮೊದಲನೇ ಲೆಕ್ಕ ಸೊನ್ನೆ ಆಗುತ್ತೆ, ಮಾರಿದ ಬೆಲೆ ಮೇಲಿನ ಟ್ಯಾಕ್ಸ್ ಅಷ್ಟೇ. 2025ರ ಸೆಪ್ಟೆಂಬರ್ 22ರಿಂದ ಲಾರಿಗಳ ರೇಟು 28ರಿಂದ 18ಕ್ಕೆ ಇಳಿದಿರೋದ್ರಿಂದ ಅದಕ್ಕೆ ಮುಂಚೆ ಕೊಂಡೋರಿಗೆ ಈ ವ್ಯತ್ಯಾಸ ಹೆಚ್ಚು ಕಾಣುತ್ತೆ, ರೇಟ್ ಮಾತಾಡೋ ಮುಂಚೇನೇ ಲೆಕ್ಕ ಹಾಕ್ಕೊಳ್ಳಿ. ಲಾರಿ ತಗೊಳ್ಳೋರಿಗೂ ಜಿಎಸ್‌ಟಿ ನಂಬರ್ ಇದ್ರೆ ಬಿಲ್ಲಲ್ಲಿ ಹಾಕಿದ ಟ್ಯಾಕ್ಸ್ ಅವರಿಗೆ ಇನ್‌ಪುಟ್ ಆಗುತ್ತೆ, ಅದನ್ನ ಹೇಳಿ ಚೌಕಾಸಿ ಮಾಡಿ.

ಎಕ್ಸ್‌ಚೇಂಜ್ ಅಂತೂ ಎಲ್ರೂ ಮರೆಯೋ ವಿಷ್ಯ. ಹಳೇ ಗಾಡಿ ಶೋರೂಮಿಗೆ ಬಿಟ್ಟು ವ್ಯತ್ಯಾಸದ ದುಡ್ಡು ಕೊಟ್ಟು ಹೊಸದು ತಂದ್ರೆ ಅದು ಎರಡು ವ್ಯವಹಾರ. ಹೊಸದಕ್ಕೆ ಪೂರ್ತಿ ಬೆಲೆ ಮೇಲೆ ಟ್ಯಾಕ್ಸ್, ಹಳೇದು ನೀವು ಅವರಿಗೆ ಮಾರಿದ್ದು, ನಿಮ್ಮ ಕಡೆಯಿಂದ ಬಿಲ್ ಹೋಗ್ಬೇಕು. ಕೈಗೆ ದುಡ್ಡು ಬರ್ಲಿಲ್ಲ ಅಂತ ಮಾರಾಟ ಅಲ್ಲ ಅನ್ನೋ ಹಾಗಿಲ್ಲ. ಬ್ಯಾಲೆನ್ಸ್ ಶೀಟಿನ ಅಸೆಟ್ ಪಟ್ಟೀಲಿ ಗಾಡಿ ಹೋಗಿರೋದು ಕಾಣುತ್ತೆ, ರಿಟರ್ನಲ್ಲಿ ಕಾಣ್ಸಲ್ಲ, ಆಡಿಟ್ಟಿಗೆ ಬಂದ ಅಧಿಕಾರಿ ಕೇಳೋದು ಅದನ್ನೇ. ಆಮೇಲೆ ಕಟ್ಟಿದ್ರೆ ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ ಸೇರುತ್ತೆ. ದಯವಿಟ್ಟು ಮಾರಿದ ದುಡ್ಡನ್ನ 2 ಲಕ್ಷ ಅಥವಾ ಜಾಸ್ತಿ ಕ್ಯಾಶಲ್ಲಿ ಇಸ್ಕೊಳ್ಬೇಡಿ, ಇನ್‌ಕಮ್ ಟ್ಯಾಕ್ಸಲ್ಲಿ ಇಸ್ಕೊಂಡಷ್ಟೇ ದಂಡ ಬೀಳಬಹುದು.

ಆರ್‌ಸಿ ಪಾರ್ಟ್ನರ್ ಹೆಸರಲ್ಲಿದೆ, ಫರ್ಮಿಂದು ಅಲ್ಲ ಅಂತ ಕೆಲವರು ವಾದ ಮಾಡ್ತಾರೆ. ಫರ್ಮಿನ ದುಡ್ಡಲ್ಲಿ ಕೊಂಡು, ಫರ್ಮಿನ ಲೆಕ್ಕದಲ್ಲಿ ಡಿಪ್ರಿಸಿಯೇಷನ್, ಲೋನಿನ ಬಡ್ಡಿ, ಇನ್ಶೂರೆನ್ಸು ಎಲ್ಲಾ ಬರ್ದಿದ್ರೆ ಆ ವಾದ ನಿಲ್ಲೋದು ಕಷ್ಟ. ಮನೆ ಬಳಕೆಗೇ ಕೊಂಡ, ಬಿಸಿನೆಸ್ ಲೆಕ್ಕಕ್ಕೆ ತರದೇ ಇರೋ ಕಾರಿಗಾದ್ರೆ ಜಿಎಸ್‌ಟಿ ಬರಲ್ಲ, ಅದನ್ನ ಹಾಗೇ ಹೊರಗಿಡಿ, ಪೆಟ್ರೋಲ್ ಬಿಲ್ಲನ್ನೂ ಫರ್ಮಿಗೆ ಹಾಕ್ಬೇಡಿ.