ಹಳೇ ಹಾರ್ಡ್ ಡಿಸ್ಕ್ ಓದುವುದಕ್ಕೆ ಮಾತ್ರ

ಕಂಪ್ಯೂಟರ್ ಆನ್ ಆಗದಿದ್ದರೆ ಅದರಲ್ಲಿರುವ ಫೈಲುಗಳೂ ಹೋದವು ಅಂತ ಬಹಳ ಜನ ತಿಳಿದುಬಿಡುತ್ತಾರೆ. ಹಾಗೇನಿಲ್ಲ. ಎಷ್ಟೋ ಸಲ ಕೆಟ್ಟಿರುವುದು ಮದರ್‌ಬೋರ್ಡ್, ಎಸ್‌ಎಂಪಿಎಸ್ (ಪವರ್ ಸಪ್ಲೈ) ಅಥವಾ ಬರೀ ವಿಂಡೋಸ್. ಹಾರ್ಡ್ ಡಿಸ್ಕ್ ಚೆನ್ನಾಗಿಯೇ ಇರುತ್ತದೆ. ಅದನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಎರಡನೇ ಡಿಸ್ಕ್ ಆಗಿ ಜೋಡಿಸಿದರೆ ಮದುವೆ ಫೋಟೋ, ಅಂಗಡಿ ಲೆಕ್ಕ, ಮಕ್ಕಳ ಪ್ರಾಜೆಕ್ಟ್ ಎಲ್ಲ ಸಿಗುತ್ತವೆ. ಈ ಕೆಲಸದಲ್ಲಿ ನಾನು ಬಿಡದೆ ಪಾಲಿಸುವ ನಿಯಮ ಒಂದೇ. ಹಳೇ ಡಿಸ್ಕಿನಿಂದ ಓದಬೇಕು, ಅದರ ಮೇಲೆ ಏನನ್ನೂ ಬರೆಯಬಾರದು.

ಮೊದಲು ಡಿಸ್ಕ್ ಯಾವ ಥರದ್ದು ನೋಡಿ. ಡೆಸ್ಕ್‌ಟಾಪಿನದು ಸಾಮಾನ್ಯವಾಗಿ 3.5 ಇಂಚು, ಲ್ಯಾಪ್‌ಟಾಪಿನದು 2.5 ಇಂಚು. ಎರಡರಲ್ಲೂ ಈಗ ಇರುವುದು ಸಾಟಾ ಕನೆಕ್ಟರ್: ಡೇಟಾಕ್ಕೆ 7 ಪಿನ್, ಪವರಿಗೆ 15 ಪಿನ್. ಅಗಲವಾದ ಪಟ್ಟಿ ಕೇಬಲ್, 40 ಪಿನ್ ಕಂಡರೆ ಅದು ಹಳೇ ಐಡಿಇ ಡಿಸ್ಕ್. ಅದಕ್ಕೆ ಬೇರೆ ಅಡಾಪ್ಟರ್ ಬೇಕು, ಹಿಂದುಗಡೆ ಪಿನ್ನಿಗೆ ಸಿಕ್ಕಿಸಿರುವ ಜಂಪರ್ ಎಂಬ ಪುಟ್ಟ ಕ್ಲಿಪ್ 'ಮಾಸ್ಟರ್' ಅಂತ ಗುರುತಿರುವ ಜಾಗದಲ್ಲಿರಲಿ. ಹೊಸ ಲ್ಯಾಪ್‌ಟಾಪುಗಳ ಸಣ್ಣ ಪಟ್ಟಿಯಂಥ ಎಂ.2 ಡಿಸ್ಕಿನಲ್ಲೂ ಸಾಟಾ, ಎನ್‌ವಿಎಂಇ ಅಂತ ಎರಡು ಬಗೆ ಇವೆ. ಅದನ್ನು ಯುಎಸ್‌ಬಿಗೆ ಜೋಡಿಸುವ ಕೇಸ್ ಕೊಳ್ಳುವ ಮುಂಚೆ ಡಿಸ್ಕಿನ ಲೇಬಲ್ ಓದಿ.

ಸಿಪಿಯು ಬಾಕ್ಸ್ ತೆಗೆದು ಒಳಗೇ ಜೋಡಿಸಬಹುದು. ಆದರೆ ನಾನು ಯುಎಸ್‌ಬಿ ಅಡಾಪ್ಟರ್ ಮೂಲಕ, ಅದೂ ವಿಂಡೋಸ್ ಪೂರ್ತಿ ಆನ್ ಆದ ಮೇಲೆ ಜೋಡಿಸುವುದೇ ಜಾಸ್ತಿ. ಒಳಗೆ ಜೋಡಿಸಿದರೆ ಕಂಪ್ಯೂಟರ್ ಹಳೇ ಡಿಸ್ಕಿನಿಂದಲೇ ಬೂಟ್ ಆಗಲು ಹೊರಡಬಹುದು. ಇಲ್ಲವೇ ಶುರುವಿನಲ್ಲೇ ಡಿಸ್ಕ್ ಚೆಕ್ ಓಡಿಸಿ, ತಾನೇ ರಿಪೇರಿ ಮಾಡಲು ಕೂರಬಹುದು. ದುರ್ಬಲವಾದ ಡಿಸ್ಕಿಗೆ ಅದು ಬೇಡ. ಒಳಗೇ ಜೋಡಿಸಬೇಕೆಂದರೆ ಗೋಡೆಯ ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಲೋಹ ಮುಟ್ಟಿ, ಆಮೇಲೆ ಕೈ ಹಾಕಿ.

ಅಡಾಪ್ಟರ್ ಕೊಳ್ಳುವಾಗ ಜನ ಎಡವುವುದು ಪವರ್ ವಿಷಯದಲ್ಲಿ. 2.5 ಇಂಚಿನ ಡಿಸ್ಕಿಗೆ 5 ವೋಲ್ಟ್ ಸಾಕು, ಅದು ಯುಎಸ್‌ಬಿಯಿಂದಲೇ ಬರುತ್ತದೆ. 3.5 ಇಂಚಿನದಕ್ಕೆ 12 ವೋಲ್ಟ್ ಕೂಡ ಬೇಕು. ಮಾಮೂಲಿ ಯುಎಸ್‌ಬಿ ಪೋರ್ಟಿನಲ್ಲಿ ಅದು ಸಿಗುವುದಿಲ್ಲ. ಹಾಗಾಗಿ 12 ವೋಲ್ಟಿನ ಪ್ರತ್ಯೇಕ ಪವರ್ ಅಡಾಪ್ಟರ್ ಇರುವ ಸೆಟ್ಟನ್ನೇ ಕೇಳಿ. ಪವರ್ ಸಾಲದೆ ಡಿಸ್ಕ್ ತಿರುಗಲಾರದೆ ನಿಂತಿದ್ದನ್ನು ನೋಡಿ 'ಡಿಸ್ಕ್ ಸತ್ತಿದೆ' ಅಂತ ಬಿಸಾಡಿದವರೂ ಇದ್ದಾರೆ. ಯುಎಸ್‌ಬಿ 3.0 ಪೋರ್ಟ್ ಇದ್ದರೆ ಅದನ್ನೇ ಬಳಸಿ. ಯುಎಸ್‌ಬಿ 2.0ರಲ್ಲಿ ಸೆಕೆಂಡಿಗೆ ಸುಮಾರು 30 ಎಂಬಿ ಸಾಗುತ್ತದೆ, 100 ಜಿಬಿಗೆ ಹತ್ತಿರ ಹತ್ತಿರ ಒಂದು ಗಂಟೆ. 3.0ರಲ್ಲಿ, ಡಿಸ್ಕ್ ಸೆಕೆಂಡಿಗೆ 100 ಎಂಬಿ ಕೊಟ್ಟರೆ, ಇಪ್ಪತ್ತು ನಿಮಿಷದೊಳಗೆ ಮುಗಿಯುತ್ತದೆ. ಸಣ್ಣ ಸಣ್ಣ ಫೈಲು ಸಾವಿರಗಟ್ಟಲೆ ಇದ್ದರೆ ಇನ್ನಷ್ಟು ಹೊತ್ತು.

ಡಿಸ್ಕ್ ಜೋಡಿಸಿದ ಮೇಲೆ ವಿಂಡೋಸ್ ಕೆಲವು ಪ್ರಶ್ನೆ ಕೇಳುತ್ತದೆ. ದಯವಿಟ್ಟು ಇಲ್ಲಿ ನಿಧಾನಿಸಿ. 'ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು' ಅಂದರೆ ಕ್ಯಾನ್ಸಲ್ ಒತ್ತಿ. ವಿಂಡೋಸಿನದೇ ಟೂಲ್ ಆದ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ 'ಇನಿಶಿಯಲೈಸ್' ಅಂದರೂ ಕ್ಯಾನ್ಸಲ್. 'ಸ್ಕ್ಯಾನ್ ಮಾಡಿ ಸರಿಪಡಿಸಲೇ' ಅಂದರೂ ಈಗ ಬೇಡ. ಈ ಮೂರೂ ಹಳೇ ಡಿಸ್ಕಿನ ಮೇಲೆ ಬರೆಯುವ ಕೆಲಸಗಳೇ. ಪಾರ್ಟಿಷನ್ (ಡಿಸ್ಕಿನ ಭಾಗ) ಸರಿಯಾಗಿದ್ದೂ ಡ್ರೈವ್ ಕಾಣದಿದ್ದರೆ ಸಾಮಾನ್ಯವಾಗಿ ಡಿ, ಇ ಅಂತ ಬರುವ ಡ್ರೈವ್ ಅಕ್ಷರ ಸಿಕ್ಕಿರುವುದಿಲ್ಲ, ಅಷ್ಟೇ. ಅದನ್ನು ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲೇ ಕೊಟ್ಟರಾಯಿತು. ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ 48 ಅಂಕಿಗಳ ರಿಕವರಿ ಕೀ ಕೇಳಿದರೆ ಹಳೇ ಕಂಪ್ಯೂಟರಿಗೆ ಬಳಸುತ್ತಿದ್ದ ಮೈಕ್ರೋಸಾಫ್ಟ್ ಖಾತೆಯಲ್ಲಿ ಹುಡುಕಿ, ಅಲ್ಲಿರುವ ಸಾಧ್ಯತೆ ಜಾಸ್ತಿ. ಕೀ ಎಲ್ಲೂ ಸಿಗದಿದ್ದರೆ ಯಾವ ಅಂಗಡಿಯವರೂ ಅದನ್ನು ಬಿಡಿಸಲಾರರು.

ಟಕ್ ಟಕ್ ಸದ್ದು ಬಂದರೆ ತಕ್ಷಣ ಪವರ್ ತೆಗೆಯಿರಿ. ಒಳಗೆ ತಟ್ಟೆಯ ಮೇಲೆ ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ಓಡಾಡುವ ಹೆಡ್ ಕೆಟ್ಟಿರಬಹುದು. ಮತ್ತೆ ಮತ್ತೆ ಆನ್ ಮಾಡಿದಷ್ಟೂ ನಷ್ಟ ಹೆಚ್ಚು. ಇದು ಧೂಳಿಲ್ಲದ ಕ್ಲೀನ್ ರೂಮ್ ಇರುವ ಡೇಟಾ ರಿಕವರಿಯವರ ಕೆಲಸ. ಮನೆಯಲ್ಲಿ ಮುಚ್ಚಳ ತೆಗೆಯಬೇಡಿ, ಫ್ರೀಜರಿನಲ್ಲಿ ಇಡಬೇಡಿ.

ಎಲ್ಲ ಸರಿಯಿದ್ದರೆ ಕಾಪಿ ಶುರು ಮಾಡಿ. ಕಟ್ ಮಾಡಬೇಡಿ. ಕರೆಂಟ್ ಹೋದರೂ ಹಳೇ ಪ್ರತಿ ಹಾಗೇ ಇರಬೇಕು, ಅಲ್ವಾ? ಯೂಸರ್ಸ್ ಫೋಲ್ಡರಿನಲ್ಲಿ ನಿಮ್ಮ ಹೆಸರಿನ ಕೆಳಗೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಇರುತ್ತವೆ. ಮುಖ್ಯವಾದುದನ್ನು ಮೊದಲು ತೆಗೆಯಿರಿ, ಸಿನಿಮಾ ಕೊನೆಗಿರಲಿ. ಪರ್ಮಿಷನ್ ಇಲ್ಲ ಅಂದಾಗ ಕಂಟಿನ್ಯೂ ಒತ್ತಿದರೆ ಸಾಮಾನ್ಯವಾಗಿ ತೆರೆಯುತ್ತದೆ. ಹಾಗೆ ಒತ್ತಿದಾಗ ಪರ್ಮಿಷನ್ ಬದಲಾಗುತ್ತದೆ ನಿಜ, ನನ್ನ ನಿಯಮಕ್ಕೆ ನಾನು ಕೊಡುವ ವಿನಾಯಿತಿ ಅದು. ಟ್ಯಾಲಿ ಲೆಕ್ಕದ ಡೇಟಾ ಬೇರೆ ಜಾಗದಲ್ಲಿರುತ್ತದೆ, ಪಬ್ಲಿಕ್ ಫೋಲ್ಡರ್ ಮತ್ತು ಟ್ಯಾಲಿಯದೇ ಫೋಲ್ಡರ್ ಎರಡನ್ನೂ ನೋಡಿ. ಕ್ರೋಮ್, ಎಡ್ಜ್‌ನಂಥ ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ಮಾತ್ರ ಫೋಲ್ಡರ್ ಕಾಪಿ ಮಾಡಿದರೆ ಬರುವುದಿಲ್ಲ. ಮುಗಿದ ಮೇಲೆ ಎರಡೂ ಕಡೆ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ ಹೋಲಿಸಿ, ಒಂದಷ್ಟನ್ನು ತೆರೆದೂ ನೋಡಿ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ಕೆಲಸ ಇದೆ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟುಗಳಲ್ಲಿ ಮಾಡಿದ ಫೈಲನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳಿಗೆ ಚುಕ್ಕೆ, ಗೆರೆ ಹಾಕಿದಂಥ ಸಾಲುಗಳು ಬರುತ್ತವೆ. ಫೈಲ್ ಕೆಟ್ಟಿದೆ ಅಂತ ಅಳಿಸಬೇಡಿ. ಅವು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ, ಆ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತವೆ. ಹಳೇ ಡಿಸ್ಕಿನ ವಿಂಡೋಸ್ ಫೋಲ್ಡರಿನಲ್ಲಿ ಫಾಂಟ್ಸ್ ಅಂತಿದೆ, ಅಲ್ಲಿಂದ ಆ ಫಾಂಟುಗಳನ್ನೂ ತಂದು ಇನ್‌ಸ್ಟಾಲ್ ಮಾಡಿ. ಆಮೇಲೆ ನುಡಿ ಅಥವಾ ಬರಹದ ಪರಿವರ್ತಕದಿಂದ ಯೂನಿಕೋಡಿಗೆ ಬದಲಿಸಿಕೊಳ್ಳಬಹುದು. ಒತ್ತಕ್ಷರಗಳು ಅಲ್ಲಲ್ಲಿ ತಪ್ಪುವುದುಂಟು, ಅದಕ್ಕೇ ಬದಲಾವಣೆ ಏನಿದ್ದರೂ ಹೊಸ ಕಂಪ್ಯೂಟರಿನಲ್ಲಿರುವ ಪ್ರತಿಯ ಮೇಲೆ ಮಾಡಿ.