ಒಂದೇ ವರ್ಷದ ಎರಡು ಹಾಫ್ ಡಾಲರ್, ಬೆಲೆಯಲ್ಲಿ ಯಾಕಿಷ್ಟು ಅಂತರ?

ಓದುಗರ ಪ್ರಶ್ನೆ: 1817ರ ಎರಡು ಅಮೆರಿಕನ್ ಬೆಳ್ಳಿ ಹಾಫ್ ಡಾಲರ್‌ಗಳ ಫೋಟೋ ನೋಡಿದೆ. ಅದೇ ಚಿತ್ರ, ಅದೇ ಇಸವಿ, ಸವೆತವೂ ಹೆಚ್ಚುಕಡಿಮೆ ಒಂದೇ. ಒಂದು ನೂರೈವತ್ತು ಡಾಲರಿನ ಆಸುಪಾಸಿನದು. ಇನ್ನೊಂದು ಲಕ್ಷ ಡಾಲರ್ ದಾಟುವ ಜಾತಿಯದಂತೆ. ಗ್ರೇಡ್ ಒಂದೇ ಆದ ಮೇಲೆ ಬೆಲೆ ಯಾಕೆ ಬೇರೆ?

ಎರಡನೆಯ ನಾಣ್ಯದ ಇಸವಿಯನ್ನು ಮಸೂರ ಹಿಡಿದು ನೋಡಿ. ಕೊನೆಯ 7ರ ಅಡಿಯಲ್ಲಿ ಒಂದು 4 ಇಣುಕುತ್ತದೆ. ಬೆಲೆಯ ಗುಟ್ಟು ಅಲ್ಲೇ ಇದೆ. ಗ್ರೇಡ್ ಎಂಬುದು ನಾಣ್ಯ ಎಷ್ಟು ಸವೆದಿದೆ ಅಂತ ಹೇಳುತ್ತದೆ. ಅದು ಯಾವ ಅಚ್ಚಿನಿಂದ ಬಂತು ಅಂತ ಹೇಳುವುದಿಲ್ಲ. ಹಳೆಯ ಅಮೆರಿಕನ್ ಬೆಳ್ಳಿಯಲ್ಲಿ ಮೊದಲು ಅಚ್ಚು ನೋಡಬೇಕು, ಆಮೇಲೆ ಗ್ರೇಡ್.

ಅಚ್ಚಿಗೆ ಇಷ್ಟು ಮಹತ್ವ ಯಾಕೆ ಅಂದರೆ, ಆಗ ಎರಡು ಅಚ್ಚುಗಳು ಒಂದೇ ಥರ ಇರುತ್ತಲೇ ಇರಲಿಲ್ಲ. ಅಮೆರಿಕದ ಟಂಕಸಾಲೆ 1792ರ ಕಾಯ್ದೆಯಿಂದ ಫಿಲಡೆಲ್ಫಿಯಾದಲ್ಲಿ ಶುರುವಾಯಿತು. ಬೆಳ್ಳಿಯ ಡಾಲರ್ ಮತ್ತು ಹಾಫ್ ಡಾಲರ್ ಹೊರಬಂದದ್ದು 1794ರಲ್ಲಿ. ನೀವು ನೋಡಿದ ಟೋಪಿ ಹಾಕಿದ ಲಿಬರ್ಟಿಯ (ಸ್ವಾತಂತ್ರ್ಯ ದೇವತೆಯ) ಮಾದರಿ, ಅಂದರೆ ಕ್ಯಾಪ್ಡ್ ಬಸ್ಟ್, 1807ರಲ್ಲಿ ಬಂತು. ಮಾಡಿದವನು ಜರ್ಮನಿಯಿಂದ ಬಂದ ಜಾನ್ ರೀಚ್. ಲಿಬರ್ಟಿಯ ಮುಖವನ್ನೂ ಹದ್ದನ್ನೂ ಒಂದು ಮೂಲ ಪಂಚ್‌ನಿಂದ, ಅಂದರೆ ಉಬ್ಬುಚಿತ್ರವಿರುವ ಉಕ್ಕಿನ ಮೊಹರಿನಿಂದ, ಉಕ್ಕಿನ ಅಚ್ಚಿಗೆ ಒತ್ತುತ್ತಿದ್ದರು. ಉಳಿದದ್ದೆಲ್ಲ ಕೈಕೆಲಸ. ಹದಿಮೂರು ನಕ್ಷತ್ರ, ಇಸವಿಯ ನಾಲ್ಕು ಅಂಕಿ, ಸುತ್ತಲಿನ ಅಕ್ಷರ, ಎಲ್ಲವನ್ನೂ ಒಂದೊಂದಾಗಿ ಸುತ್ತಿಗೆಯಲ್ಲಿ ಹೊಡೆದು ಕೂರಿಸಬೇಕು. ಒಂದು ಅಚ್ಚಿನಲ್ಲಿ ನಕ್ಷತ್ರ ಕೂದಲೆಳೆಯಷ್ಟು ಮೇಲೆ, ಇನ್ನೊಂದರಲ್ಲಿ ಅಕ್ಷರ ಸ್ವಲ್ಪ ವಾಲಿದೆ. ನಮ್ಮ ಸಂಗ್ರಾಹಕರು ಹಿಡಿಯುವುದು ಇದನ್ನೇ.

ತಪ್ಪುಗಳೂ ಆಗುತ್ತಿದ್ದವು. 1807ರ ಒಂದು ಅಚ್ಚಿನಲ್ಲಿ 50 ಸೆಂಟ್ ಅಂತ ಕೆತ್ತಬೇಕಾದವನು 20 ಅಂತ ಹೊಡೆದು, ಆಮೇಲೆ ಅದರ ಮೇಲೆಯೇ 5 ಕೂರಿಸಿದ್ದಾನೆ. 1813ರ ಇನ್ನೊಂದರಲ್ಲಿ '50 ಸಿ' ಬರಬೇಕಾದ ಜಾಗದಲ್ಲಿ 'ಯುನೈಟೆಡ್' ಪದದ ಮೊದಲ ಮೂರು ಅಕ್ಷರ ಹೊಡೆದುಬಿಟ್ಟಿದ್ದಾನೆ. ಅಚ್ಚನ್ನು ತಲೆಕೆಳಗಾಗಿ ಹಿಡಿದಿದ್ದ ಅಂತ ಕಾಣುತ್ತದೆ. ಉಕ್ಕು ದುಬಾರಿ, ಆದ್ದರಿಂದ ಅಚ್ಚನ್ನು ಎಸೆಯುತ್ತಿರಲಿಲ್ಲ. ತಿದ್ದಿ ಮುಂದೆ ನಡೆಯುತ್ತಿದ್ದರು.

ಈಗ ನಿಮ್ಮ 1817ಕ್ಕೆ ಬರೋಣ. 1816ರ ಜನವರಿಯಲ್ಲಿ ಟಂಕಸಾಲೆಗೆ ಬೆಂಕಿ ಬಿತ್ತು. ಲೋಹದ ಹಾಳೆ ಎಳೆಯುವ ಯಂತ್ರಗಳಿದ್ದ ಕಟ್ಟಡ ಹೋಯಿತು. ಹಾಗಾಗಿ 1816ರ ಇಸವಿಯ ಬೆಳ್ಳಿ ನಾಣ್ಯವೇ ಇಲ್ಲ. ಆ ವರ್ಷಕ್ಕೆ ತಾಮ್ರದ ಸೆಂಟ್ ಮಾತ್ರ. 1817ರಲ್ಲಿ ಕೆಲಸ ಮತ್ತೆ ಶುರುವಾದಾಗ ಕಪಾಟಿನಲ್ಲಿ 1813ರದ್ದೊಂದು, 1814ರದ್ದೊಂದು ಅಚ್ಚು ಉಳಿದಿದ್ದವು. ಎರಡರ ಕೊನೆಯ ಅಂಕಿಯ ಮೇಲೂ 7 ಹೊಡೆದರು. ಹೀಗೆ 1817/3 ಮತ್ತು 1817/4 ಹುಟ್ಟಿದವು. ಮೊದಲನೆಯದು ಚೆನ್ನಾಗಿ ಬಾಳಿತು, ಇವತ್ತಿಗೂ ಸಿಗುತ್ತದೆ. ಎರಡನೆಯದು ಬೇಗ ಬಿರುಕು ಬಿಟ್ಟಿತು. ಆ ವರ್ಷದ ಲೆಕ್ಕದಲ್ಲಿ 12 ಲಕ್ಷಕ್ಕೂ ಹೆಚ್ಚು ಹಾಫ್ ಡಾಲರ್‌ಗಳಿವೆ. ಅದರಲ್ಲಿ ಇವತ್ತು ಗೊತ್ತಿರುವ 1817/4 ಹತ್ತು-ಹನ್ನೆರಡು ಮಾತ್ರ. ಅದೇ ವರ್ಷದ ಇನ್ನೊಂದು ಅಚ್ಚಿನಲ್ಲಿ 1 ಮತ್ತು 7ರ ನಡುವೆ ಸುಮ್ನೆ ಒಂದು ಚುಕ್ಕಿ ಬಿದ್ದಿದೆ, 181.7 ಅಂತ ಓದಬಹುದು. ಅದಕ್ಕೂ ಅಭಿಮಾನಿಗಳಿದ್ದಾರೆ.

ಒಂದು ಸಣ್ಣ ವಿಷಯ ಇಲ್ಲೇ ಹೇಳಿಬಿಡುತ್ತೇನೆ. 1807ರಿಂದ 1817ರವರೆಗಿನ ಅಚ್ಚುಗಳಲ್ಲಿ ಹದಿಮೂರನೆಯ ನಕ್ಷತ್ರದ ಒಂದು ಮೊನೆಯಲ್ಲಿ ಪುಟ್ಟ ಕಚ್ಚು ಕಾಣಿಸುತ್ತದೆ. ಇದು ರೀಚ್‌ನ ಗುಟ್ಟಿನ ಸಹಿ ಅಂತ ಸಂಗ್ರಾಹಕರು ನಂಬುತ್ತಾರೆ. ಅವನು ಕೆಲಸ ಬಿಟ್ಟದ್ದು 1817ರಲ್ಲೇ. ದಾಖಲೆಯಲ್ಲಿ ಸಾಬೀತಾಗಿಲ್ಲ, ಆದರೆ ನನಗಂತೂ ಈ ವಾದ ಒಪ್ಪಿಗೆ.

ಮುಂಬದಿಯ ಒಂದು ಅಚ್ಚು, ಹಿಂಬದಿಯ ಒಂದು ಅಚ್ಚು ಸೇರಿದರೆ ಒಂದು ಜೋಡಿ. ಅಮೆರಿಕನ್ನರು ಇದನ್ನು ಡೈ ಮ್ಯಾರೇಜ್ ಅನ್ನುತ್ತಾರೆ. ಒಂದು ಮುಂಬದಿ ಸವೆಯುವ ಮೊದಲು ಎರಡು ಮೂರು ಹಿಂಬದಿಗಳ ಜೊತೆ ಸಂಸಾರ ಮಾಡಿರುವುದೂ ಉಂಟು. ಹಾಫ್ ಡಾಲರ್‌ಗಳ ಜೋಡಿಗಳಿಗೆ ಆಲ್ ಓವರ್ಟನ್ ಎಂಬ ಸಂಗ್ರಾಹಕ 1967ರಲ್ಲಿ ನಂಬರ್ ಕೊಟ್ಟರು. ಪ್ರತಿ ವರ್ಷಕ್ಕೂ 101ರಿಂದ ಹೊಸದಾಗಿ ಎಣಿಕೆ. 1817/3 ಓ-101, 1817/4 ಓ-102. ಅಚ್ಚು ಬಿರುಕುಬಿಟ್ಟ ಮೇಲಿನ ಹಂತವಾದರೆ ನಂಬರಿನ ಕೊನೆಗೆ 'ಎ' ಸೇರುತ್ತದೆ. 1807ರಿಂದ 1836ರವರೆಗೆ ಇಂಥ ಜೋಡಿಗಳು ಸುಮಾರು 450. ಕ್ವಾರ್ಟರ್‌ಗೆ ಬ್ರೌನಿಂಗ್ ನಂಬರ್, ಡಾಲರ್‌ಗೆ ಬೋಲೆಂಡರ್ ನಂಬರ್ ಇವೆ. ಹೊಸಬರು ಹಾಫ್ ಡಾಲರ್‌ನಿಂದ ಶುರು ಮಾಡುವುದು ಒಳ್ಳೆಯದು. 1804ರಿಂದ 1836ರವರೆಗೆ ಡಾಲರ್ ತಯಾರಿ ನಿಂತಿತ್ತು, ಹಾಫ್ ಡಾಲರೇ ದೊಡ್ಡ ಬೆಳ್ಳಿ ನಾಣ್ಯ. ಬ್ಯಾಂಕುಗಳು ಚೀಲಗಟ್ಟಲೆ ತಿಜೋರಿಯಲ್ಲಿ ಇಟ್ಟುಕೊಂಡವು. ಅದಕ್ಕೇ ಚೆನ್ನಾಗಿರುವ ನಾಣ್ಯಗಳು ಇವತ್ತಿಗೂ ಸಿಗುತ್ತವೆ.

ನಮ್ಮಲ್ಲಿ 1862ರ ವಿಕ್ಟೋರಿಯಾ ರೂಪಾಯಿಯ ಹಿಂಬದಿಯ ಚುಕ್ಕಿ ಎಣಿಸುವವರಿಗೆ ಈ ಹುಚ್ಚು ಹೊಸದಲ್ಲ. ಇಸವಿ ಹಲವು ವರ್ಷ 1862 ಅಂತಲೇ ಉಳಿಯಿತು, ಚುಕ್ಕಿಗಳು ಬದಲಾಗುತ್ತಾ ಹೋದವು.

ಹಾಗಾದರೆ ಅಪರೂಪದ ಜೋಡಿ ಎಲ್ಲವೂ ದುಬಾರಿಯಾ? ಇಲ್ಲ. ಎಷ್ಟು ಉಳಿದಿವೆ ಅನ್ನುವುದಕ್ಕೆ ಆರ್-1ರಿಂದ ಆರ್-8ರವರೆಗೆ ಒಂದು ಅಳತೆ ಇದೆ. ಆರ್-1 ಅಂದರೆ 1,250ಕ್ಕಿಂತ ಜಾಸ್ತಿ. ಆರ್-5 ಅಂದರೆ 31ರಿಂದ 75. ಆರ್-7 ಅಂದರೆ 4ರಿಂದ 12. ಆದರೆ ಬರೀ ಒಂದು ಅಕ್ಷರ ಸರಿದಿರುವ ಆರ್-5 ಜೋಡಿಯನ್ನು ಬಯಸುವವರು ಜೋಡಿಗಳ ಬೆನ್ನು ಹತ್ತಿದ ಕೆಲವರು ಮಾತ್ರ. 1817/3 ಅಷ್ಟೇನೂ ಅಪರೂಪವಲ್ಲ, ಆದರೂ ಮಾಮೂಲಿ 1817ಕ್ಕಿಂತ ಹೆಚ್ಚು ಬೆಲೆಗೆ ಹೋಗುತ್ತದೆ. ತಿದ್ದಿದ ಅಂಕಿ ಯಾರಿಗಾದರೂ ಕಾಣುತ್ತದೆ, ಪಟ್ಟಿಗಳಲ್ಲಿ ಅದಕ್ಕೊಂದು ಪ್ರತ್ಯೇಕ ಸಾಲು ಇದೆ. 1817/4 ಅಷ್ಟು ಏರಿದ್ದು ಎರಡೂ ಕೂಡಿದ್ದರಿಂದ. ನೋಡಿದರೆ ಗೊತ್ತಾಗುತ್ತದೆ, ಹುಡುಕಿದರೆ ಸಿಗುವುದಿಲ್ಲ.

ಜೋಡಿ ಗುರುತಿಸುವಾಗ ಹೊಸಬರು ಲಿಬರ್ಟಿಯ ಮುಖ ನೋಡುತ್ತಾ ಕೂರುತ್ತಾರೆ. ಅದರಿಂದ ಪ್ರಯೋಜನ ಕಡಿಮೆ, ಮುಖ ಒಂದೇ ಪಂಚ್‌ನದ್ದು. ನಾಣ್ಯ ತಿರುಗಿಸಿ. ಹದ್ದಿನ ಮೇಲೆ 'ಇ ಪ್ಲೂರಿಬಸ್ ಯೂನಮ್' ಎಂಬ ಪಟ್ಟಿ ಇದೆ. ಅದರ ಅಕ್ಷರಗಳು ಮೇಲಿನ 'ಸ್ಟೇಟ್ಸ್ ಆಫ್' ಪದಗಳ ಯಾವ ಅಕ್ಷರದ ನೇರಕ್ಕೆ ಬರುತ್ತವೆ ಅಂತ ನೋಡಿ. ಆಮೇಲೆ ಕೆಳಗಿನ 50ರಲ್ಲಿ 5 ಮತ್ತು 0 ಎಷ್ಟು ದೂರ, ಯಾವುದು ಮೇಲೆ. ಇಷ್ಟರಲ್ಲೇ ಎಷ್ಟೋ ಜೋಡಿಗಳು ಲೆಕ್ಕದಿಂದ ಬಿದ್ದುಹೋಗುತ್ತವೆ. ಕೊನೆಗೆ ಮುಂಬದಿಯ ನಕ್ಷತ್ರ ಮತ್ತು ಇಸವಿ.

ಬಿರುಕುಗಳ ಬಗ್ಗೆ ಒಂದು ಮಾತು. ಅಚ್ಚಿನ ಬಿರುಕೊಳಗೆ ಬೆಳ್ಳಿ ನುಗ್ಗುತ್ತದೆ, ಆದ್ದರಿಂದ ನಾಣ್ಯದ ಮೇಲೆ ಅದು ಉಬ್ಬಿದ ಗೆರೆ. ಗೀರಾದರೆ ತಗ್ಗಿದ ಗೆರೆ. ಉಬ್ಬಿದ್ದು ಹುಟ್ಟುಗುರುತು, ತಗ್ಗಿದ್ದು ಗಾಯ. 1807ರ ಒಂದು ಜೋಡಿಯಲ್ಲಿ ಬಿರುಕು ಲಿಬರ್ಟಿಯ ಗಲ್ಲದ ಕೆಳಗೆ ಇಳಿದು ಗಡ್ಡದಂತೆ ಕಾಣುತ್ತದೆ. ಗಡ್ಡದ ದೇವತೆ ಅಂತಲೇ ಅದಕ್ಕೆ ಹೆಸರು, ಬೇಡಿಕೆಯೂ ಜೋರು.

ಇನ್ನು ಗ್ರೇಡ್. 1ರಿಂದ 70ರವರೆಗಿನ ಅಳತೆಯನ್ನು ವಿಲಿಯಂ ಶೆಲ್ಡನ್ 1949ರಲ್ಲಿ ಮಾಡಿದ್ದು ಹಳೆಯ ತಾಮ್ರದ ಸೆಂಟ್‌ಗಳಿಗೆ. ಆಮೇಲೆ ಎಲ್ಲ ನಾಣ್ಯಗಳಿಗೂ ಅದೇ ಅಂಟಿಕೊಂಡಿತು. ಕ್ಯಾಪ್ಡ್ ಬಸ್ಟ್‌ನಲ್ಲಿ ಮೊದಲು ಸವೆಯುವುದು ಕಣ್ಣಿನ ಮೇಲಿನ ಕೂದಲು, ಕಿವಿಯ ಹತ್ತಿರದ ಗುಂಗುರು, ಎದೆಯ ಬಟ್ಟೆಯ ಮಡಿಕೆ. ಹಿಂದೆ ಹದ್ದಿನ ರೆಕ್ಕೆಯ ಮೇಲಂಚು ಮತ್ತು ಉಗುರು. ಮೋಸ ಹೋಗುವುದು ಎಲ್ಲಿ ಅಂದರೆ, ಸವೆತಕ್ಕೂ ಸರಿಯಾಗಿ ಒತ್ತದೇ ಇದ್ದದ್ದಕ್ಕೂ ವ್ಯತ್ಯಾಸ ಹಿಡಿಯುವಲ್ಲಿ. ಆಗ ಇದ್ದದ್ದು ಕೈಯಲ್ಲಿ ತಿರುಗಿಸುವ ಸ್ಕ್ರೂ ಪ್ರೆಸ್. ಎದೆಯ ಮೇಲಿನ ಕ್ಲಾಸ್ಪ್ (ಬಟ್ಟೆಯ ಕೊಂಡಿ) ಮತ್ತು ಹಿಂಬದಿಯ ಪಟ್ಟಿ ಒಂದಕ್ಕೊಂದು ಬೆನ್ನಾಗಿವೆ. ಎರಡು ಕಡೆಗೂ ಸಾಲುವಷ್ಟು ಬೆಳ್ಳಿ ಅಲ್ಲಿಗೆ ಹರಿಯುವುದಿಲ್ಲ. ಆದ್ದರಿಂದ ಕೈಗೇ ಹೋಗದ ನಾಣ್ಯದಲ್ಲೂ ಪಟ್ಟಿಯ ಒಂದೆರಡು ಅಕ್ಷರ ಮಸುಕಾಗಿರಬಹುದು. ದೀಪದ ಕೆಳಗೆ ಓರೆಯಾಗಿ ತಿರುಗಿಸಿ. ಮಸುಕಾದ ಜಾಗದಲ್ಲೂ ಹೊಳಪು ಸುತ್ತುತ್ತಿದ್ದರೆ ಅದು ಒತ್ತಿನ ದೋಷ. ಅಲ್ಲಿ ನುಣುಪಾಗಿ ಬೂದು ಬಣ್ಣ ಬಂದಿದ್ದರೆ ಸವೆತ.

1794-95ರ ಡಾಲರ್‌ಗಳಲ್ಲಿ ಅರದಿಂದ ಉಜ್ಜಿದ ಸಮಾನಾಂತರ ಗೆರೆಗಳು ಕಂಡರೆ ಗಾಬರಿ ಬೇಡ. ಬಿಲ್ಲೆಯ ತೂಕ ಜಾಸ್ತಿಯಾದಾಗ ಟಂಕಸಾಲೆಯವರೇ ಉಜ್ಜಿ ಸರಿಮಾಡುತ್ತಿದ್ದರು. ತೂಕ ಕಡಿಮೆಯಾದರೆ 1795ರ ಕೆಲವು ಡಾಲರ್‌ಗಳ ನಡುವೆ ಬೆಳ್ಳಿಯ ಬಿರಡೆ ಕೂರಿಸಿದ್ದೂ ಇದೆ.

ಗಾಬರಿಯಾಗಬೇಕಾದದ್ದು ತೊಳೆದ ನಾಣ್ಯಕ್ಕೆ. ಬೆಳ್ಳಿ ದೀಪವನ್ನು ವಿಭೂತಿ ಹಾಕಿ ತಿಕ್ಕುವ ಹಾಗೆ ಇದನ್ನೂ ತಿಕ್ಕಿಬಿಟ್ಟರೆ ಮುಗಿಯಿತು. ಕೂದಲೆಳೆಯ ಗೀರುಗಳು ಮೈತುಂಬ ಬೀಳುತ್ತವೆ. ಪಿಸಿಜಿಎಸ್, ಎನ್‌ಜಿಸಿ ಎಂಬ ಗ್ರೇಡಿಂಗ್ ಕಂಪನಿಗಳು ಇಂಥ ನಾಣ್ಯಕ್ಕೆ ನಂಬರ್ ಕೊಡದೆ 'ಡೀಟೇಲ್ಸ್' ಅಂತ ಬರೆದು ವಾಪಸ್ ಕಳಿಸುತ್ತವೆ. ಇನ್ನೂರು ವರ್ಷದ ಬೆಳ್ಳಿ ಬೆಳ್ಳಗೆ ಮಿಂಚುತ್ತಿದ್ದರೆ ಮೊದಲು ಅನುಮಾನ ಪಡಿ. ಬೂದು, ಕಂದು, ಅಂಚಲ್ಲಿ ನೀಲಿ, ಇವೇ ಅದರ ಸಹಜ ಬಣ್ಣ ಅಲ್ವಾ?

ನಕಲಿ ನಾಣ್ಯವನ್ನು ಹಿಡಿಯುವುದಕ್ಕೂ ಅಚ್ಚಿನ ತಿಳಿವಳಿಕೆ ಕೈಹಿಡಿಯುತ್ತದೆ. ಹೊಸದಾಗಿ ತಯಾರಾದ ನಕಲಿಗಳಲ್ಲಿ ಎಂದೂ ಜೊತೆಯಾಗದ ಮುಂಬದಿ-ಹಿಂಬದಿ ಸೇರಿರುತ್ತವೆ. ಅಥವಾ ಒಂದು ಅಸಲಿ ನಾಣ್ಯದ ಪಡಿಯಚ್ಚು ತೆಗೆದಿರುತ್ತಾರೆ. ಆಗ ಅದರ ಗೀರು, ಗುಂಡಿ ಎಲ್ಲವೂ ಹತ್ತಾರು ನಾಣ್ಯಗಳಲ್ಲಿ ಅದೇ ಜಾಗದಲ್ಲಿ ಕಾಣುತ್ತವೆ. ತೂಕ 13.48 ಗ್ರಾಂ ಸುತ್ತ ಇರಬೇಕು, ಸವೆದಿದ್ದರೆ ಚೂರು ಕಡಿಮೆ. 1835ರವರೆಗಿನ ಹಾಫ್ ಡಾಲರ್ ಅಂಚಿನಲ್ಲಿ 'ಫಿಫ್ಟಿ ಸೆಂಟ್ಸ್ ಆರ್ ಹಾಫ್ ಎ ಡಾಲರ್' ಅಂತ ಅಕ್ಷರ ಇರಬೇಕು. ಅದರ ಬದಲು ಗೀರುಗೀರಾದ ಅಂಚಿದ್ದರೆ ಆ ನಾಣ್ಯ ಅಲ್ಲೇ ಬಿಡಿ.

ಕೊಳ್ಳುವ ಮನಸ್ಸಿದ್ದರೆ 1820-30ರ ದಶಕದ, ಯಾರೂ ತಿಕ್ಕಿರದ, ಅಕ್ಷರಗಳೆಲ್ಲ ಸ್ಪಷ್ಟವಾಗಿರುವ ಒಂದು ಹಾಫ್ ಡಾಲರ್ ತೆಗೆದುಕೊಂಡು ಅದರ ಓವರ್ಟನ್ ನಂಬರ್ ನೀವೇ ಕಂಡುಹಿಡಿಯಿರಿ. ಗ್ರೇಡಿಂಗ್ ಕಂಪನಿಗಳು 1817/4ರಂಥ ದೊಡ್ಡ ಹೆಸರುಗಳನ್ನು ಚೀಟಿಯಲ್ಲಿ ಬರೆಯುತ್ತವೆ. ಉಳಿದ ಜೋಡಿಗಳ ಓವರ್ಟನ್ ನಂಬರ್ ಬೇಕಾದರೆ ಸಾಮಾನ್ಯವಾಗಿ ಬೇರೆ ಶುಲ್ಕ ಕಟ್ಟಬೇಕು. ಆದ್ದರಿಂದ ಆ ಕಂಪನಿಗಳು ನಾಣ್ಯ ಇಟ್ಟು ಮುಚ್ಚುವ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಬರೀ '1827' ಅಂತ ಇದ್ದು ಒಳಗೆ ಒಂದು ಆರ್-5 ಜೋಡಿ ಕೂತಿರುವುದುಂಟು. ಮಾರುವವನೂ ನೋಡಿರುವುದಿಲ್ಲ. ಇಂಥದನ್ನು ಮಾಮೂಲಿ ಬೆಲೆಗೆ ಎತ್ತಿಕೊಳ್ಳುವುದಕ್ಕೆ ಚೆರ್ರಿಪಿಕಿಂಗ್ ಅನ್ನುತ್ತಾರೆ. ಆನ್‌ಲೈನ್ ಹರಾಜಿನಲ್ಲಾದರೆ ಹಿಂಬದಿಯ ಫೋಟೋ ದೊಡ್ಡದಾಗಿ ಕೊಟ್ಟಿರುವವರ ಹತ್ತಿರ ಮಾತ್ರ ನೋಡಿ.