ಟ್ರೈನಿಂಗ್ ರೆಕಾರ್ಡ್ ಇದೆ ಸರಿ, ಸೈನ್ ಹಾಕಿದ್ ದಿನ ಇತ್ತಾ? (ಫಾರ್ಮಾ ಕ್ಯೂಎ, ಅಂದ್ರೆ ಕ್ವಾಲಿಟಿ ಅಶ್ಯೂರೆನ್ಸ್ ಓದೋರಿಗೆ)

ಜಿಎಂಪಿಯಲ್ಲಿ (ಔಷಧಿ ತಯಾರಿಕೆಯ ಗುಣಮಟ್ಟದ ನಿಯಮಗಳಲ್ಲಿ) ಪರ್ಸನೆಲ್, ಅಂದ್ರೆ ಸಿಬ್ಬಂದಿ ಅನ್ನೋ ಭಾಗನ ತುಂಬಾ ಜನ ಮೇಲ್ಮೇಲೆ ಓದಿ ಮುಂದೆ ಹೋಗ್ತಾರೆ, ನನ್ ಪ್ರಕಾರ ಅಲ್ಲೇ ನಿಂತು ಓದ್ಬೇಕು. ಅಮೆರಿಕದ ಜಿಎಂಪಿ ನಿಯಮ 21 ಸಿಎಫ್ಆರ್ 211.25 ಕೇಳೋದು ಇಷ್ಟು: ಔಷಧಿ ತಯಾರಿಸೋ, ಪ್ಯಾಕ್ ಮಾಡೋ, ಸ್ಟೋರ್ ನೋಡ್ಕೊಳೋ ಪ್ರತಿಯೊಬ್ರಿಗೂ ಅವರವರ ಕೆಲ್ಸಕ್ಕೆ ಬೇಕಾದಷ್ಟು ಓದು, ಟ್ರೈನಿಂಗ್, ಅನುಭವ ಇರ್ಬೇಕು, ಜಿಎಂಪಿ ಟ್ರೈನಿಂಗ್ ಆಗಾಗ ನಡೀತಾ ಇರ್ಬೇಕು, ಅದನ್ನ ಅರ್ಹತೆ ಇರೋರೇ ಕೊಡ್ಬೇಕು. ನಮ್ಮಲ್ಲಿ 2023ರ ಡಿಸೆಂಬರ್‌ನಲ್ಲಿ ನೋಟಿಫೈ ಆದ ಹೊಸ ಶೆಡ್ಯೂಲ್ ಎಂ (ಭಾರತದ ಜಿಎಂಪಿ ನಿಯಮ) ಕೂಡ ಟ್ರೈನಿಂಗ್ ಕೇಳತ್ತೆ. ಇದು ಎಲ್ರಿಗೂ ಅರ್ಥ ಆಗತ್ತೆ.

ತಲೆ ಕೆಡೋದು ಡೇಟ್ ವಿಷ್ಯದಲ್ಲಿ, ಇದನ್ನ ನಿಧಾನಕ್ಕೆ ನೋಡೋಣ. ಒಂದು ಎಸ್ಒಪಿಯ (ಕೆಲ್ಸ ಹೇಗೆ ಮಾಡ್ಬೇಕು ಅಂತ ಬರೆದಿಟ್ಟ ವಿಧಾನ) 4ನೇ ವರ್ಷನ್ ಜೂನ್ 1ಕ್ಕೆ ಅಪ್ರೂವ್ ಆಯ್ತು, ಎಫೆಕ್ಟಿವ್ ಡೇಟ್, ಅಂದ್ರೆ ಜಾರಿಗೆ ಬರೋ ದಿನ, ಜೂನ್ 15 ಅಂತ ಇಟ್ಕೊಳಿ. ನಡುವೆ ಇರೋ ಎರಡು ವಾರ ಇರೋದೇ ಟ್ರೈನಿಂಗ್‌ಗೆ. ಡ್ರಾಫ್ಟ್ ಇಟ್ಕೊಂಡು ಮೇನಲ್ಲೇ ಮುಗಿಸಿದ್ರೆ ಲೆಕ್ಕಕ್ಕೆ ತಗೊಳಕ್ಕಾಗಲ್ಲ, ಯಾಕಂದ್ರೆ ಅಪ್ರೂವಲ್ ಹೊತ್ತಿಗೆ ಡ್ರಾಫ್ಟಲ್ಲಿ ಏನಾದ್ರೂ ಬದಲಾಗಿರ್ಬಹುದು. ಈಗ ಒಬ್ಬ ಆಪರೇಟರ್ ಆ ಎರಡು ವಾರ ಪೂರ್ತಿ ರಜೆ, ಜೂನ್ 21ಕ್ಕೆ ಬಂದ್ರು, ಅವತ್ತೇ ಆ ಎಸ್ಒಪಿಯ ಕೆಲ್ಸ ಮಾಡಿ ಬ್ಯಾಚ್ ರೆಕಾರ್ಡಲ್ಲಿ (ಒಂದು ಬ್ಯಾಚ್ ಹೇಗೆ ತಯಾರಾಯ್ತು ಅನ್ನೋ ದಾಖಲೆ) ಸೈನ್ ಹಾಕಿದ್ರು, 22ಕ್ಕೆ ಟ್ರೈನಿಂಗ್ ತಗೊಂಡ್ರು. ಫೈಲ್ ತೆಗೆದ್ರೆ 4ನೇ ವರ್ಷನ್ ಟ್ರೈನಿಂಗ್ ಇದೆ, ಎಲ್ಲಾ ಸರಿ ಇದೆ ಅನ್ಸತ್ತೆ. ಆದ್ರೆ 21ನೇ ತಾರೀಖಿನ ಸೈನ್‌ಗೆ ಆಧಾರ ಇಲ್ಲ. 3ನೇ ವರ್ಷನ್ ಚೆನ್ನಾಗಿ ಗೊತ್ತಿತ್ತು, ಹತ್ತು ವರ್ಷದ ಅನುಭವ ಇತ್ತು ಅಂದ್ರೂ ಅದು ಡೀವಿಯೇಷನ್ನೇ, ಅಂದ್ರೆ ನಿಯಮ ತಪ್ಪಿದ ಹಾಗೆ. ಹಾಗಾಗಿ ಟ್ರೈನಿಂಗ್ ಮ್ಯಾಟ್ರಿಕ್ಸ್ (ಯಾರಿಗೆ ಯಾವ ಟ್ರೈನಿಂಗ್ ಆಗಿದೆ ಅನ್ನೋ ಪಟ್ಟಿ) ಕ್ಯೂಎ ಹತ್ರ ಮಾತ್ರ ಇದ್ರೆ ಸಾಲಲ್ಲ, ಬೆಳಿಗ್ಗೆ ಯಾರನ್ನ ಯಾವ ಮೆಷಿನ್‌ಗೆ ಹಾಕೋದು ಅಂತ ತೀರ್ಮಾನ ಮಾಡೋ ಸೂಪರ್‌ವೈಸರ್ ಕೈಲಿರ್ಬೇಕು.

ಇಲ್ಲೊಂದು ಶಾರ್ಟ್‌ಕಟ್, ನಂಗೆ ತುಂಬಾ ಇಷ್ಟ: ಟ್ರೈನಿಂಗ್ ಫೈಲಿಂದ ಶುರು ಮಾಡ್ಬೇಡಿ. ಯಾವ್ದಾದ್ರೂ ಬ್ಯಾಚ್ ರೆಕಾರ್ಡ್ ತಗೊಂಡು ಒಂದೇ ಒಂದು ಸೈನ್ ಹಿಡ್ಕೊಂಡು ಹಿಂದಕ್ಕೆ ಹೋಗಿ. ಯಾರ ಸೈನ್, ಯಾವ ದಿನ, ಅವತ್ತು ಯಾವ ವರ್ಷನ್ ಜಾರಿಯಲ್ಲಿತ್ತು, ಅದಕ್ಕೆ ಮುಂಚೆ ಅವರಿಗೆ ಟ್ರೈನಿಂಗ್ ಆಗಿತ್ತಾ, ಕೊಟ್ಟೋರಿಗೆ ಅರ್ಹತೆ ಇತ್ತಾ. ಫೈಲ್ ಕಡೆಯಿಂದ ನೋಡಿದ್ರೆ ಇರೋ ಪೇಪರ್ ಮಾತ್ರ ಕಾಣತ್ತೆ, ಇಲ್ದೇ ಇರೋದು ಕಾಣೋದು ಸೈನ್ ಕಡೆಯಿಂದ.

ಇನ್ನು ಎಫೆಕ್ಟಿವ್‌ನೆಸ್. ಟ್ರೈನಿಂಗ್ ಕೆಲ್ಸದಲ್ಲಿ ಎಷ್ಟು ಉಪಯೋಗಕ್ಕೆ ಬಂತು ಅಂತ ಆಗಾಗ ನೋಡ್ಬೇಕು ಅಂತ ಯುರೋಪಿನ ಜಿಎಂಪಿ 2ನೇ ಅಧ್ಯಾಯ ಹೇಳತ್ತೆ. ಹತ್ತು ಪ್ರಶ್ನೆಯ ಕ್ವಿಜ್ ನೆನಪನ್ನ ಅಳೆಯತ್ತೆ ಅಷ್ಟೇ, ಕೈಗೆ ಕೆಲ್ಸ ಬಂದಿದೆಯಾ ಅಂತ ಅದರಿಂದ ಗೊತ್ತಾಗಲ್ಲ. ಇಂಜೆಕ್ಷನ್ ವಯಲ್‌ಗಳ ವಿಷುಯಲ್ ಇನ್‌ಸ್ಪೆಕ್ಷನ್ ನೋಡಿ: ವಯಲ್‌ನ ಮೆಲ್ಲಗೆ ತಿರುಗಿಸಿ ಬಿಳಿ ಬೋರ್ಡ್ ಮುಂದೆ 5 ಸೆಕೆಂಡ್, ಕಪ್ಪು ಬೋರ್ಡ್ ಮುಂದೆ 5 ಸೆಕೆಂಡ್ ಹಿಡೀಬೇಕು. ಒಳಗೆ ಒಂದು ಸಣ್ಣ ಎಳೆನೋ ಗಾಜಿನ ಚೂರೋ ತೇಲ್ತಿದ್ರೆ ಅಷ್ಟರಲ್ಲಿ ಕಣ್ಣಿಗೆ ಬೀಳ್ಬೇಕು. ಇದನ್ನ ಕ್ಲಾಸಲ್ಲಿ ಕೂತು ಕಲಿಯೋಕಾಗಲ್ಲ. ಅದಕ್ಕೇ ಯುರೋಪಿನ ಜಿಎಂಪಿಯ 2022ರ ಅನೆಕ್ಸ್ 1 (ಸ್ಟೆರೈಲ್ ಔಷಧಿಗಳ ಭಾಗ) ಪ್ರಕಾರ ಹೀಗೆ ವಯಲ್ ನೋಡೋರಿಗೆ ವರ್ಷಕ್ಕೊಮ್ಮೆಯಾದ್ರೂ ಡಿಫೆಕ್ಟ್ ಇರೋ ಸ್ಯಾಂಪಲ್ ಕೊಟ್ಟು ಪರೀಕ್ಷೆ ಮಾಡ್ಬೇಕು, ಕನ್ನಡಕ ಹಾಕೋರಾದ್ರೆ ಹಾಕ್ಕೊಂಡೇ, ದಣಿವನ್ನೂ ಲೆಕ್ಕಕ್ಕೆ ತಗೊಂಡು. ಶಿಫ್ಟ್ ಕೊನೇಲಿ ಟೆಸ್ಟ್ ಮಾಡಿದ್ರೆ ಅದು ನಿಜವಾದ ಟೆಸ್ಟ್.

ಕೊನೇದು ನಾಲೆಜ್ ಮ್ಯಾನೇಜ್ಮೆಂಟ್, ಅಂದ್ರೆ ಜನರಿಗೆ ಗೊತ್ತಿರೋದನ್ನ ಕಂಪನಿಯಲ್ಲಿ ಉಳಿಸ್ಕೊಳೋದು. ಫಾರ್ಮಾ ಕ್ವಾಲಿಟಿ ಸಿಸ್ಟಮ್ ಬಗ್ಗೆ ಇರೋ ಅಂತರರಾಷ್ಟ್ರೀಯ ಗೈಡ್‌ಲೈನ್, 2008ರ ಐಸಿಎಚ್ ಕ್ಯೂ10ರಲ್ಲಿ ಇದಕ್ಕೆ ರಿಸ್ಕ್ ಮ್ಯಾನೇಜ್ಮೆಂಟ್ ಪಕ್ಕದಲ್ಲೇ ಜಾಗ ಇದೆ, ಕ್ವಾಲಿಟಿ ಸ್ಟ್ಯಾಂಡರ್ಡ್ ಐಎಸ್ಒ 9001:2015ರಲ್ಲಿ ಇದು 7.1.6ನೇ ಭಾಗ. ಮಳೆಗಾಲದಲ್ಲಿ ಗ್ರಾನ್ಯೂಲ್ಸ್ (ಮಾತ್ರೆ ಮಾಡೋ ಔಷಧಿ ಹರಳು) ತೇವ ಎಳ್ಕೊಂಡು ಮಾತ್ರೆ ಒತ್ತೋ ಪಂಚ್‌ಗೆ ಅಂಟೋಕೆ ಶುರುವಾಗೋದನ್ನ ಮೊದ್ಲು ಗುರುತಿಸೋದು ಹಳೇ ಕಂಪ್ರೆಷನ್ ಆಪರೇಟರ್, ಮಾತ್ರೆ ಮೇಲ್ಮೈ ನೋಡೇ ಹೇಳ್ಬಿಡ್ತಾರೆ. ಅವರು ಏನ್ ನೋಡ್ತಾರೆ ಅಂತ ಕೇಳಿ, ಫೋಟೋ ಸಮೇತ ಎಸ್ಒಪಿಗೆ ಸೇರಿಸಿ, ಹೊಸಬ್ರನ್ನ ಒಂದು ಮಳೆಗಾಲ ಅವರ ಜೊತೆ ಮೆಷಿನ್ ಹತ್ರ ನಿಲ್ಸಿ. ಇದೆಲ್ಲ ಅವರು ರಿಟೈರ್ ಆಗೋ ಮುಂಚೆ ಆಗ್ಬೇಕು.